ಜೋಡಿ ನಗರದ ನಕಾಶೆಯಲ್ಲಿ ನಮ್ಮ ಕೇರಿ ಎಲ್ಲೈತಿ?



ಧಾರವಾಡಕ್ಕೆ ಬೇರೆ ಮಹಾನಗರ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದಾಗ ಎರಡೂ ಊರಲ್ಲಿ ಭಾರೀ ಚರ್ಚೆ ಆತು. 1962ರಲ್ಲಿ ಕೂಡಿಸಿದ್ದನ್ನ ಒಡೀಬೇಕೋ ಬ್ಯಾಡೋ ಅಂತ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಮಂದೀನ ಯಾರಾದರೂ ಕೇಳಿದ ಸುದ್ದಿ ನನಗಂತೂ ಬಂದಿಲ್ಲ. ದಿನಾ ಮುಂಜಾನೆ ಬುತ್ತಿ ಕಟ್ಟಿಕೊಂಡು ಆ ನಗರ ಕಟ್ಟಾಕ ಹೋಗವರು ಮಾತ್ರ ಇವರೇ.

ನಮ್ಮ ಸೀಮೆಗೆ ರೈಲು ಬಂದದ್ದು ಹತ್ತಿಯ ಸಲುವಾಗಿ, ಮನುಷ್ಯರ ಸಲುವಾಗಿ ಅಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಳಿ ಹಾಕಿತು. ಎರಿ ಹೊಲದ ಹತ್ತಿ ಮರ್ಮಗೋವಾ ಬಂದರ ಮುಟ್ಟಬೇಕಿತ್ತು. ಅಣ್ಣಿಗೇರಿ, ಕುಂದಗೋಳಕ್ಕೆ ಸ್ಟೇಶನ್ ಆದವು. ನವಲಗುಂದ, ಕಲಘಟಗಿ ಊರಿಗೆ ಇವತ್ತಿಗೂ ಪ್ಯಾಸೆಂಜರ್ ರೈಲಿಲ್ಲ.

ಆದರೆ ಹತ್ತಿಗಾಗಿ ಬಂದ ರೈಲಿನಿಂದ ನಮಗೂ ಒಂದು ಬಾಗಿಲು ತೆರೀತು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವನಿಗೆ ಪಗಾರ ಕೈಯಾಗ ಬರತಿತ್ತು. ಗೌಡರ ಕಣದ ಮುಂದ ಆಯಕ್ಕಾಗಿ ಉಡಿ ಒಡ್ಡಿ ನಿಲ್ಲೋದು ತಪ್ಪಿತು. ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ, 1943ರಲ್ಲಿ, ಕೇಂದ್ರ ನೌಕರಿಯಲ್ಲಿ ಪರಿಶಿಷ್ಟರಿಗೆ ಶೇ 8.33 ಮೀಸಲಾತಿ ಬಂತು. ಅದಕ್ಕೂ ಮೊದಲೇ, 1920ರ ದಶಕದ ಕೊನೆಗೆ, ಅವರ ಪ್ರಯತ್ನದಿಂದ ನಮ್ಮ ಹುಡುಗರಿಗೆ ಹಾಸ್ಟೆಲ್ ಆದ ಊರುಗಳಲ್ಲಿ ಧಾರವಾಡವೂ ಒಂದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹೊಗಳುವವರಿಗೆ ಅವರು ಕೊಟ್ಟ ಏಟು ಸುಮ್ಮನೆ ಬಂದದ್ದಲ್ಲ. ಹಳ್ಳಿ ಬಿಟ್ಟು ನಗರ ಸೇರುವ ದಾರಿ ನಮಗೆ ಸೌಕರ್ಯದ ಮಾತಲ್ಲ, ಬಿಡುಗಡೆಯ ಮಾತು.

‘ಸಮಾಜವಾದಿ’ ಅನ್ನೋ ಪದ ಸಂವಿಧಾನದ ಪೀಠಿಕೆಗೆ ಸೇರಿದ್ದು 1976ರಲ್ಲಿ. ಹದಿನೈದೇ ವರ್ಷಕ್ಕೆ, 1991ರಲ್ಲಿ, ಸರ್ಕಾರ ದಿಕ್ಕು ಬದಲಿಸಿತು. ಪದ ಅಲ್ಲೇ ಉಳೀತು, ನೌಕರಿ ಹೋದವು. ಹಳೇ ಕಾಲ ಬಂಗಾರದ್ದಾಗಿತ್ತು ಅಂತ ನಾನೇನೂ ಹೇಳಂಗಿಲ್ಲ, ಆಗಲೂ ಕಸಬರಿಗಿ ಯಾರ ಕೈಯಾಗಿತ್ತು ಅಂತ ಗೊತ್ತೈತಿ. ಆದರೆ ಈಗ ಬೆಳೆಯುತ್ತಿರುವ ಕೈಗಾರಿಕೆ ಖಾಸಗಿಯದು, ಅಲ್ಲಿ ಮೀಸಲಾತಿ ಇಲ್ಲ. ಸರ್ಕಾರಿ ಕಚೇರಿಯಲ್ಲೂ ಹೊರಗುತ್ತಿಗೆ ಹೊಕ್ಕೈತಿ. ನಗರ ದೊಡ್ಡದಾದಷ್ಟೂ ನಮ್ಮ ಬಾಗಿಲು ಸಣ್ಣದಾಯಿತು.

ಜೋಡಿ ನಗರದ ನಡುವೆ 2018ರಿಂದ ಚಿಗರಿ ಬಸ್ ಓಡತೈತಿ. ವಿಶ್ವಬ್ಯಾಂಕಿನ ನೆರವು, ಸುಮಾರು 22 ಕಿ.ಮೀ. ಉದ್ದದ ಪ್ರತ್ಯೇಕ ದಾರಿ. ಒಳ್ಳೇದೇ ಆತು. ಆದರೆ ಕುಂದಗೋಳದ ಹಳ್ಳಿಯಿಂದ ಗಾರೆ ಕೆಲಸಕ್ಕೆ ಬರುವ ಹೆಣ್ಮಗಳ ದಾರಿ ಚಿಗರಿ ನಿಲ್ದಾಣದಿಂದ ಶುರುವಾಗಂಗಿಲ್ಲ, ಕೇರಿಯಿಂದ ಶುರುವಾಗತೈತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ಆಕೆ ರೊಕ್ಕ ಕೊಡಬೇಕಿಲ್ಲ. ಟಿಕೆಟ್ ಬಿಟ್ಟಿ ಖರೆ, ಬಸ್ ಬರಬೇಕಲ್ಲ?

ಸಮಾಜವಾದ ಬಿಟ್ಟ ಇನ್ನೊಂದು ದೇಶ ಪೋಲೆಂಡ್. ಅಲ್ಲಿಯೂ ಗಣಿ ಮುಚ್ಚಿದವು, ಮಂದಿ ಬೀದಿಗೆ ಬಿದ್ದರು. ಆದರೂ ಕಟೋವಿಟ್ಸೆ ಸುತ್ತಲಿನ 41 ಸ್ಥಳೀಯ ಸಂಸ್ಥೆಗಳು, ಸಣ್ಣ ಹಳ್ಳಿಯವೂ ಸೇರಿ, 2017ರಲ್ಲಿ ಒಂದು ಒಕ್ಕೂಟ ಆದವು. ಬಸ್ಸಿನ ವ್ಯವಸ್ಥೆಯನ್ನು ಒಟ್ಟಿಗೇ ನಡೆಸತಾವು.

ನಮ್ಮಲ್ಲಿ ಇದಕ್ಕೆ ಕಾನೂನಿಲ್ಲ ಅಂತ ಯಾರೂ ಹೇಳಬಾರದು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲೈತಿ. ಅದರ 243ಝಡ್‌ಡಿ ವಿಧಿ ಓದ್ರಿ. ಪ್ರತಿ ಜಿಲ್ಲೆಗೊಂದು ಯೋಜನಾ ಸಮಿತಿ. ಹಳ್ಳಿ, ಪಟ್ಟಣ ಎರಡನ್ನೂ ಸೇರಿಸಿ ಅಭಿವೃದ್ಧಿ ಯೋಜನೆ ಬರೆಯೋದು ಅದರ ಕೆಲಸ. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆ ಇಲ್ಲದಂತೆ ಜಿಲ್ಲಾ ಪಂಚಾಯ್ತಿ ಮತ್ತು ನಗರ ಸಂಸ್ಥೆಗಳಿಂದ ಆರಿಸಿ ಬಂದವರಿರಬೇಕು, ಅದೂ ಹಳ್ಳಿ-ಪಟ್ಟಣದ ಜನಸಂಖ್ಯೆಯ ಪ್ರಮಾಣದಲ್ಲಿ. ಪಂಚಾಯ್ತಿಯಲ್ಲಿ ನಮಗೆ ಮೀಸಲು ಸ್ಥಾನ ಕೊಟ್ಟ ಸಂವಿಧಾನ ಈ ಸಮಿತಿಗೆ ಅದನ್ನು ಕಡ್ಡಾಯ ಮಾಡಿಲ್ಲ, ಅದೊಂದು ಕೊರತೆ. ಆದರೂ ಜಿಲ್ಲಾ ಪಂಚಾಯ್ತಿಯ ಮೀಸಲು ಸೀಟಿನಿಂದ ಗೆದ್ದ ನಮ್ಮವರು ಅಲ್ಲಿಗೆ ಹೋಗಿ ಕೂಡಬಹುದು.

ಕೂಡೋದು ಎಲ್ಲಿಂದ? ಕರ್ನಾಟಕದಲ್ಲಿ ಜಿಲ್ಲಾ ಪಂಚಾಯ್ತಿಗೆ ಕಡೇ ಚುನಾವಣೆ ಆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗೀತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷಗಟ್ಟಲೆ ದೂಡಿದರು. ಪಾಲಿಕೆ ಒಂದಿರಲಿ ಎರಡಿರಲಿ ಅಂತ ಜಗಳ ಆಡುವವರು ಆ ಖಾಲಿ ಕುರ್ಚಿಗಳ ಮಾತೇ ತೆಗೆಯಂಗಿಲ್ಲ.

ನಾಲ್ಕೂ ತಾಲ್ಲೂಕಿನ ಗೆಳೆಯರೇ, ನಿಮ್ಮೂರಿಗೆ ಮೊದಲ ಬಸ್ ಎಷ್ಟಕ್ಕ, ಕಡೇ ಬಸ್ ಎಷ್ಟಕ್ಕ, ಕೇರಿಯಿಂದ ನಿಲ್ದಾಣ ಎಷ್ಟು ದೂರ, ಇಷ್ಟು ಬರೆದು ಕಳಸ್ರಿ. ಜಿಲ್ಲಾ ಪಂಚಾಯ್ತಿ ಚುನಾವಣೆ ಕೇಳುವ ಮನವಿಗೆ ಊರವಾರು ಪಟ್ಟಿ ಮಾಡಿ ಲಗತ್ತಿಸತೇನಿ.