ಕಾಣುವ ಕೈ

ಚರಿತ್ರೆಯೆಂದೊಡನೆ ಕಣ್ಣೆದುರು ನಿಲ್ಲುವುದು ಸಿಂಹಾಸನ, ರಣರಂಗ, ಶಿಲಾಶಾಸನ. ಕಚೇರಿಯ ಕಡತವೂ ಕಂಪನಿಯ ಲೆಕ್ಕದ ಪುಸ್ತಕವೂ ಚರಿತ್ರೆಯ ಆಕರಗಳೆಂದರೆ ಸಾಹಿತ್ಯಪ್ರಿಯರು ನಸುನಗಬಹುದು. ಅಂತಹ ಕಡತಗಳ ನಡುವೆಯೇ ಜೀವಮಾನವನ್ನು ಸವೆಸಿ, ಅವುಗಳಿಂದ ಒಂದು ಯುಗದ ಕಥೆಯನ್ನು ಬಿಡಿಸಿ ಹೇಳಿದ ಅಮೆರಿಕದ ವಿದ್ವಾಂಸ ಆಲ್‌ಫ್ರೆಡ್ ಚಾಂಡ್ಲರ್ ಅವರನ್ನು ಕುರಿತು ನಾನು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಚಾಂಡ್ಲರ್ ಹುಟ್ಟಿದ್ದು 1918ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾದಳದಲ್ಲಿ ಸೇವೆ ಸಲ್ಲಿಸಿ, ಬಳಿಕ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯ ಸಂಶೋಧನೆಗೆ ತೊಡಗಿದರು. ಅವರ ಮುತ್ತಜ್ಜ ಹೆನ್ರಿ ಪೂರ್ ಹತ್ತೊಂಬತ್ತನೆಯ ಶತಮಾನದಲ್ಲಿ ರೈಲ್ವೆ ಪತ್ರಿಕೆಯೊಂದರ ಸಂಪಾದಕನಾಗಿದ್ದವನು. ಬಂಧುಗಳ ಮನೆಯಲ್ಲಿ ಉಳಿದಿದ್ದ ಆತನ ಕಾಗದಪತ್ರಗಳು ಮರಿಮಗನ ಪ್ರೌಢಪ್ರಬಂಧಕ್ಕೆ ಸಾಮಗ್ರಿಯಾದವು. ಅಲ್ಲಿಂದ ಒಂದು ಪ್ರಶ್ನೆ ಅವರ ಬೆನ್ನು ಹತ್ತಿತು: ಮೇಲಧಿಕಾರಿ, ವಿಭಾಗಾಧಿಕಾರಿ, ಗುಮಾಸ್ತ ಎಂಬ ಈ ಮೆಟ್ಟಿಲುಗಳ ಆಡಳಿತ ಹುಟ್ಟಿದ್ದಾದರೂ ಹೇಗೆ?

ಉತ್ತರ ರೈಲಿನ ಹಳಿಗಳ ಮೇಲಿತ್ತು. 1841ರ ಅಕ್ಟೋಬರ್ 5ರಂದು ಮ್ಯಾಸಚೂಸೆಟ್ಸ್‌ನ ವೆಸ್ಟರ್ನ್ ರೈಲುಮಾರ್ಗದಲ್ಲಿ ಎರಡು ಗಾಡಿಗಳು ಎದುರುಬದುರಾಗಿ ಡಿಕ್ಕಿ ಹೊಡೆದು ಜೀವಹಾನಿಯಾಯಿತು. ಇದ್ದುದು ಒಂದೇ ಹಳಿ. ಯಾವ ಗಾಡಿ ಯಾವ ಗಳಿಗೆಯಲ್ಲಿ ಎಲ್ಲಿರಬೇಕು, ಅದರ ಹೊಣೆ ಯಾರದು, ಆತ ಯಾರಿಗೆ ವರದಿ ಒಪ್ಪಿಸಬೇಕು ಎಂಬುದನ್ನು ಬರವಣಿಗೆಯಲ್ಲಿ ಗೊತ್ತುಪಡಿಸದೆ ಗತ್ಯಂತರವಿರಲಿಲ್ಲ. 1850ರ ದಶಕದಲ್ಲಿ ಎರೀ ರೈಲುಮಾರ್ಗದ ಮೇಲ್ವಿಚಾರಕ ಡೇನಿಯಲ್ ಮೆಕ್ಯಾಲಂ ಇನ್ನೂ ಮುಂದೆ ಹೋದ. 50 ಮೈಲಿಯ ಮಾರ್ಗವನ್ನು ಒಬ್ಬನೇ ಕಣ್ಣಾರೆ ನೋಡಿಕೊಳ್ಳಬಲ್ಲ. 500 ಮೈಲಿಗೆ ವ್ಯವಸ್ಥೆಯೇ ಬೇಕೆಂದು ಆತ ಮನಗಂಡಿದ್ದ.

1962ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಚಾಂಡ್ಲರ್ ನಾಲ್ಕು ದೊಡ್ಡ ಕಂಪನಿಗಳ ಒಳಗನ್ನು ಪರೀಕ್ಷಿಸಿದರು. ಸಿಡಿಮದ್ದು ತಯಾರಿಸುತ್ತಿದ್ದ ಡ್ಯೂಪಾಂಟ್ ಕಂಪನಿ ಮೊದಲ ಮಹಾಯುದ್ಧದ ಹೊತ್ತಿಗೆ ಬಣ್ಣದ ವ್ಯಾಪಾರಕ್ಕೂ ಕೈಹಾಕಿ ಬಳಿಕ ನಷ್ಟ ಅನುಭವಿಸಿತು. ಮದ್ದು ಮಾರುವವರಿಗೆ ಮನೆಬಣ್ಣದ ಗಿರಾಕಿಯ ಮರ್ಮ ತಿಳಿಯದು. ಕಡೆಗೆ 1921ರಲ್ಲಿ ಪ್ರತಿಯೊಂದು ಬಗೆಯ ಸರಕಿಗೂ ಸ್ವತಂತ್ರ ವಿಭಾಗ ಏರ್ಪಟ್ಟಿತು. ಸಂಸ್ಥೆ ಹಿಡಿದ ದಾರಿಗೆ ತಕ್ಕಂತೆ ಅದರ ಕಟ್ಟಡವೂ ಬದಲಾಗಬೇಕು. ಇದೇ ಅವರ ಸಿದ್ಧಾಂತದ ತಿರುಳು.

ಮಾರುಕಟ್ಟೆಯನ್ನು ನಡೆಸುವುದು ಕಾಣದ ಕೈಯೆಂದು ಆಡಂ ಸ್ಮಿತ್ ಹೇಳಿದ್ದುಂಟು. ದೊಡ್ಡ ಉದ್ಯಮಗಳ ಯುಗದಲ್ಲಿ ಆ ಕೆಲಸದ ಬಹುಭಾಗವನ್ನು ವ್ಯವಸ್ಥಾಪಕನ ಕಾಣುವ ಕೈ ವಹಿಸಿಕೊಂಡಿತೆಂದು ಚಾಂಡ್ಲರ್ 1977ರಲ್ಲಿ ವಾದಿಸಿದರು. ಆಗ ಅವರು ಹಾರ್ವರ್ಡ್‌ನ ವಾಣಿಜ್ಯ ವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಮರುವರ್ಷ ಆ ಗ್ರಂಥಕ್ಕೆ ಚರಿತ್ರೆಯ ಪುಲಿಟ್ಜರ್ ಪ್ರಶಸ್ತಿ ಸಂದಿತು. ಅವರು ತೀರಿಕೊಂಡದ್ದು 2007ರಲ್ಲಿ.

ಇಷ್ಟಾದರೂ ಅವರ ಗ್ರಂಥಗಳನ್ನು ಓದುವಾಗ ನನ್ನ ಮನಸ್ಸಿನಲ್ಲಿ ಒಂದು ಕೊರತೆ ಉಳಿಯುತ್ತದೆ. ಅಧಿಕಾರಿಯ ಕೈ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಳಿ ಹಾಸಿದ ಕೈ, ಕುಲುಮೆಗೆ ಕಲ್ಲಿದ್ದಲು ಸುರಿದ ಕೈ ಅಷ್ಟಾಗಿ ಕಾಣುವುದಿಲ್ಲ. ದಕ್ಷತೆಯ ಕಥೆಯಲ್ಲಿ ಬೆವರಿನ ಕಥೆ ಮಸುಕಾಗಿದೆ. ಆದರೆ ಆ ಕೊರತೆಯನ್ನು ತುಂಬುವ ಧೈರ್ಯವನ್ನೂ ನಾವು ಚಾಂಡ್ಲರರಿಂದಲೇ ಪಡೆಯಬಹುದು. ಕಚೇರಿಯ ಮೆಟ್ಟಿಲುಗಳು ದೇವರು ಕಡೆದವಲ್ಲ. ಇಂತಹ ವರ್ಷ, ಇಂತಹ ಕಾರಣಕ್ಕೆ ಮನುಷ್ಯರು ಕಟ್ಟಿದವು ಎಂದು ಅವರು ತೋರಿಸಿಕೊಟ್ಟರು. ಮನುಷ್ಯರು ಕಟ್ಟಿದ್ದನ್ನು ಯಾರಿಗಾಗಿ ಕಟ್ಟಿದಿರೆಂದು ಕೇಳುವ ಹಕ್ಕು ಮನುಷ್ಯರಿಗೆ ಇದ್ದೇ ಇದೆ.