ಇಂಡೀ ಬ್ಯಾಂಡ್ ಅರೀನಾ ಹತ್ತಿದಾಗ ಟಿಕೆಟ್ ದುಡ್ಡು ಯಾರ ಜೇಬಿಗೆ ಹೋಗುತ್ತೆ?

ಒಂದು ಬಿಲ್ಲಿನಿಂದ ಶುರು ಮಾಡೋಣ. 2023ರ ಮಾರ್ಚ್. ಅಮೆರಿಕದಲ್ಲಿ ಒಂದು ರಾಕ್ ಬ್ಯಾಂಡಿನ ಅರೀನಾ ಶೋಗೆ ಟಿಕೆಟ್ ಮಾರಾಟ ಶುರುವಾಗಿದೆ. ಅತಿ ಕಡಿಮೆ ದರದ ಟಿಕೆಟ್ ಬರೀ 20 ಡಾಲರ್. ಯಾರೋ ಒಬ್ಬರು ನಾಲ್ಕು ಟಿಕೆಟ್ ತಗೊಂಡರು. ಲೆಕ್ಕದ ಪ್ರಕಾರ 80 ಡಾಲರ್ ಆಗಬೇಕು. ಪರದೆ ಮೇಲೆ ಬಂದ ಮೊತ್ತ 172.10 ಡಾಲರ್. ಪ್ರತಿ ಟಿಕೆಟ್‌ಗೆ 11.65 ಡಾಲರ್ ಸೇವಾ ಶುಲ್ಕ, ಜಾಗದ ಶುಲ್ಕ ಅಂತ ಇನ್ನೊಂದು 10 ಡಾಲರ್, ಕೊನೆಗೆ ಇಡೀ ಆರ್ಡರ್ ಮೇಲೆ 5.50 ಡಾಲರ್. ಅಂದ್ರೆ ಟಿಕೆಟ್‌ಗಿಂತ ಶುಲ್ಕವೇ ಜಾಸ್ತಿ. ಆ ಸ್ಕ್ರೀನ್‌ಶಾಟ್ ಜಗತ್ತಿಡೀ ಓಡಾಡಿತು.

ಆ ಬ್ಯಾಂಡ್ ದಿ ಕ್ಯೂರ್. ನಿಮಗೆ ಅವರ ಹಾಡು ಗೊತ್ತಿರಲಿ, ಬಿಡಲಿ, ಈ ಬಿಲ್ಲು ಮಾತ್ರ ಗೊತ್ತಿರಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕಂದ್ರೆ 'ಹೊಸ ಆಲ್ಬಂ, ಹೊಸ ಟೂರ್, ನಿಮ್ಮ ಊರಿನ ಅರೀನಾದಲ್ಲಿ' ಅನ್ನುವ ಪ್ರತಿ ಪೋಸ್ಟರಿನ ಹಿಂದೆ ಇರೋದು ಇದೇ ಲೆಕ್ಕ. ನಮ್ಮಲ್ಲೂ ಅದು ಬಂದಾಗಿದೆ.

ಇಂಡೀ ಅಂದ್ರೇನು, ಅರೀನಾ ಅಂದ್ರೇನು

ಇಂಡೀ ಅನ್ನೋ ಪದ ಹುಟ್ಟಿದ್ದು ಸ್ವತಂತ್ರ ಅನ್ನೋ ಅರ್ಥದಲ್ಲಿ. ದೊಡ್ಡ ಮ್ಯೂಸಿಕ್ ಕಂಪನಿಗಳ ಹೊರಗೆ, ಪುಟ್ಟ ಲೇಬಲ್‌ಗಳಲ್ಲಿ, ತಮ್ಮ ಷರತ್ತಿನ ಮೇಲೆ ಹಾಡು ಮಾಡುವವರು. ಈಗ ಅದು ಹೆಚ್ಚುಕಮ್ಮಿ ಒಂದು ಶೈಲಿಯ ಹೆಸರು. ಶುರುವಿನಲ್ಲೂ ಗೆರೆ ಅಷ್ಟು ನೇರವಾಗಿರಲಿಲ್ಲ. 1978ರಲ್ಲಿ ಇಂಗ್ಲೆಂಡಿನ ಕ್ರಾಲಿ ಅನ್ನೋ ಊರಲ್ಲಿ ದಿ ಕ್ಯೂರ್ ಈ ಹೆಸರು ಇಟ್ಟುಕೊಂಡಾಗ ಅವರನ್ನು ಕೈಹಿಡಿದಿದ್ದು ಫಿಕ್ಷನ್ ಅನ್ನೋ ಪುಟ್ಟ ಲೇಬಲ್. ಆದರೆ ಅದರ ಹಂಚಿಕೆ ಇದ್ದದ್ದು ಪಾಲಿಡಾರ್ ಎಂಬ ದೈತ್ಯನ ಕೈಯಲ್ಲಿ.

ಅರೀನಾ ಅಂದ್ರೆ ಮೇಲ್ಛಾವಣಿ ಇರುವ, ಸುಮಾರು 10ರಿಂದ 20 ಸಾವಿರ ಜನ ಹಿಡಿಸುವ ಜಾಗ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಲಂಡನ್ನಿನ ಓ2 ಥರದ್ದು. ಕೆಳಗೆ ಕೆಲವೇ ನೂರು ಜನರ ಕ್ಲಬ್ಬು, ಎರಡು-ಮೂರು ಸಾವಿರದ ಥಿಯೇಟರ್, ಮೇಲೆ ಸ್ಟೇಡಿಯಂ. ಬ್ಯಾಂಡೊಂದು ಈ ಮೆಟ್ಟಿಲು ಹತ್ತೋದು ಬರೀ ಜನಪ್ರಿಯತೆಯ ವಿಷಯ ಅಲ್ಲ. ಕ್ಲಬ್ಬಿನಲ್ಲಿ ವ್ಯಾನು, ನಾಲ್ಕು ಜನ, ಎರಡು ಆಂಪ್ಲಿಫೈಯರ್ ಸಾಕು. ಅರೀನಾ ಅಂದರೆ ಟ್ರಕ್ಕುಗಳ ಸಾಲು, ಲೈಟು, ಪರದೆ, ಕೆಲಸಗಾರರು, ವಿಮೆ. ಸೀಟು ತುಂಬದಿದ್ದರೆ ನಷ್ಟವೂ ಅದೇ ಗಾತ್ರದ್ದು.

ಹಾಗಾದ್ರೆ ಯಾಕೆ ಹತ್ತಬೇಕು? ಸ್ಟ್ರೀಮಿಂಗ್ ಬಂದ ಮೇಲೆ ಹಾಡು ಕೇಳಿಸಿ ಬದುಕೋದು ಬಹುಪಾಲು ಬ್ಯಾಂಡುಗಳಿಗೆ ಆಗದ ಮಾತು. ಹಿಂದೆ ಆಲ್ಬಂ ಮಾರೋಕೆ ಟೂರ್ ಮಾಡ್ತಿದ್ದರು, ಈಗ ಟೂರ್ ಮಾರೋಕೆ ಆಲ್ಬಂ ಮಾಡ್ತಾರೆ. ದಿ ಕ್ಯೂರ್ ಇದನ್ನು ಇನ್ನೂ ತಮಾಷೆಯಾಗಿ ತಿರುಗಿಸಿದರು. ಹೊಸ ಆಲ್ಬಂ ಹೆಸರಲ್ಲಿ ಟೂರ್ ಮಾಡಿದ್ದು 2023ರಲ್ಲಿ, ಆಲ್ಬಂ ಬಂದಿದ್ದು 2024ರ ನವೆಂಬರ್ 1ಕ್ಕೆ. ಹದಿನೈದು ವರ್ಷ ಕಾದವರಿಗೆ ಇನ್ನೊಂದು ವರ್ಷ ಹೆಚ್ಚೇನಲ್ಲ ಬಿಡಿ.

ಒಂದು ಟಿಕೆಟ್ ಒಡೆದು ನೋಡಿದರೆ

ಶೋ ನಡೆಸುವವರು ಪ್ರಮೋಟರ್. ಅವರು ಜಾಗ ಬಾಡಿಗೆಗೆ ಹಿಡೀತಾರೆ, ಪ್ರಚಾರ ಮಾಡ್ತಾರೆ, ಬ್ಯಾಂಡಿಗೆ ಇಷ್ಟು ಅಂತ ಖಾತರಿ ಮೊತ್ತ ಕೊಡ್ತಾರೆ. ಖರ್ಚು ಕಳೆದು ಲಾಭ ಉಳಿದರೆ ಅದರಲ್ಲಿ ದೊಡ್ಡ ಪಾಲು ಬ್ಯಾಂಡಿಗೆ. ಟಿಕೆಟ್ ಮೇಲೆ ಬರೆದ ಬೆಲೆ ಈ ಲೆಕ್ಕಕ್ಕೆ ಸೇರುತ್ತೆ. ಅದರ ಮೇಲಿನ ಶುಲ್ಕ ಇದರಲ್ಲಿ ಸೇರಲ್ಲ. ಅದು ಟಿಕೆಟ್ ಮಾರುವ ಕಂಪನಿ ಮತ್ತು ಅರೀನಾ ನಡುವೆ ಹಂಚಿಕೆಯಾಗುತ್ತೆ. ಬೈಗುಳ ಮಾತ್ರ ಬ್ಯಾಂಡಿಗೆ, ಯಾಕಂದ್ರೆ ಪೋಸ್ಟರ್ ಮೇಲೆ ಇರೋ ಮುಖ ಅವರದ್ದು.

ಇದನ್ನು ಅತ್ಯಂತ ಸರಳವಾಗಿ ಬಿಡಿಸಿ ಹೇಳಿದ್ದು ಲಾರೆನ್ಸ್ ಅನ್ನೋ ಬ್ಯಾಂಡಿನ ಕ್ಲೈಡ್ ಲಾರೆನ್ಸ್. ಟೇಲರ್ ಸ್ವಿಫ್ಟ್ ಟಿಕೆಟ್ ಮಾರಾಟದ ರಾದ್ಧಾಂತದ ನಂತರ, 2023ರ ಜನವರಿ 24ರಂದು ಅಮೆರಿಕದ ಸೆನೆಟ್ ಸಮಿತಿ ಮುಂದೆ ಆತ ಸಾಕ್ಷಿ ಹೇಳಿದ. ಅವರ ಟಿಕೆಟ್ 30 ಡಾಲರ್, ಶುಲ್ಕ ಸೇರಿ ಅಭಿಮಾನಿ ಕೊಡೋದು 42. ಜಾಗ, ಪ್ರಮೋಟರ್ ಖರ್ಚು ಕಳೆದರೆ ಬ್ಯಾಂಡಿಗೆ 12. ಅದರಲ್ಲಿ ಅರ್ಧ ಓಡಾಟಕ್ಕೆ ಹೋದರೆ ಉಳಿಯೋದು 6 ಡಾಲರ್. ಎಂಟು ಜನರ ಬ್ಯಾಂಡು! ತೆರಿಗೆ ಇನ್ನೂ ಬಾಕಿ. ಹತ್ತು ಒಗೆದ ಟವೆಲ್‌ಗೆ 250 ಡಾಲರ್ ಲೆಕ್ಕ ಹಾಕಿದ್ದನ್ನೂ ಆತ ಹೇಳಿದ. ಬ್ಯಾಂಡ್ ತಂದು ಮಾರುವ ಟೀ-ಶರ್ಟಿನಲ್ಲೂ ಜಾಗದವರಿಗೆ ಪಾಲು. ಜಾಗದವರು ಮಾರುವ ಬಿಯರಿನಲ್ಲಿ ಬ್ಯಾಂಡಿಗೆ ಪಾಲಿಲ್ಲ.

ಎಲ್ಲಾ ಬಾಗಿಲಲ್ಲೂ ಒಬ್ಬನೇ

ಪ್ರಮೋಟರ್, ಜಾಗದ ಮಾಲೀಕ, ಟಿಕೆಟ್ ಕಂಪನಿ ಮೂವರೂ ಬೇರೆಬೇರೆ ಇದ್ದರೆ ಒಬ್ಬರ ದುರಾಸೆಗೆ ಇನ್ನೊಬ್ಬರು ಕಡಿವಾಣ ಹಾಕಬಹುದು. 2010ರಲ್ಲಿ ಲೈವ್ ನೇಷನ್ ಮತ್ತು ಟಿಕೆಟ್‌ಮಾಸ್ಟರ್ ಒಂದಾದವು. ಆಗ ಅಮೆರಿಕದ ನ್ಯಾಯ ಇಲಾಖೆ ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತ್ತು. ಅದೇ ಇಲಾಖೆ 2024ರ ಮೇ 23ರಂದು, ಹಲವು ರಾಜ್ಯಗಳನ್ನು ಜೊತೆ ಸೇರಿಸಿಕೊಂಡು, ಏಕಸ್ವಾಮ್ಯದ ಆರೋಪದಲ್ಲಿ ಕೋರ್ಟಿಗೆ ಹೋಯಿತು. ದೊಡ್ಡ ಸಭಾಂಗಣಗಳ ಟಿಕೆಟ್ ವ್ಯವಹಾರದಲ್ಲಿ ಶೇ. 80ರಷ್ಟು ಟಿಕೆಟ್‌ಮಾಸ್ಟರ್ ಕೈಲಿದೆ, ಉತ್ತರ ಅಮೆರಿಕದಲ್ಲಿ 265ಕ್ಕೂ ಹೆಚ್ಚು ಜಾಗಗಳು ಲೈವ್ ನೇಷನ್ ಒಡೆತನ ಅಥವಾ ಹಿಡಿತದಲ್ಲಿವೆ, 400ಕ್ಕೂ ಹೆಚ್ಚು ಕಲಾವಿದರ ನಿರ್ವಹಣೆಯನ್ನೂ ಅದೇ ನೋಡಿಕೊಳ್ಳುತ್ತೆ ಅನ್ನೋದು ದೂರಿನ ಸಾರ. ಕಂಪನಿ ಇದನ್ನು ಒಪ್ಪಲ್ಲ. ಶುಲ್ಕದ ಬಹುಪಾಲು ಜಾಗದವರಿಗೇ ಹೋಗುತ್ತೆ, ನಮ್ಮ ಲಾಭ ತೆಳು ಅಂತ ಅದರ ವಾದ. ಸರಿ, ಆದರೆ ಜಾಗವೂ ನಿಮ್ಮದೇ ಆಗಿದ್ದಾಗ ಆ ವಾದಕ್ಕೆ ಎಷ್ಟು ತೂಕ?

ಈ ಜಗಳ ಹೊಸದಲ್ಲ. ಪರ್ಲ್ ಜ್ಯಾಮ್ 1994ರಲ್ಲೇ ಟಿಕೆಟ್‌ಮಾಸ್ಟರ್ ವಿರುದ್ಧ ನ್ಯಾಯ ಇಲಾಖೆಗೆ ದೂರು ಕೊಟ್ಟಿತ್ತು. ಟಿಕೆಟ್ 20 ಡಾಲರ್ ಒಳಗಿರಬೇಕು, ಶುಲ್ಕ 1.80 ಡಾಲರ್ ಮೀರಬಾರದು ಅಂತ ಅವರ ಬೇಡಿಕೆ. ಬ್ಯಾಂಡಿನ ಇಬ್ಬರು ಅಮೆರಿಕದ ಸಂಸತ್ತಿನ ಮುಂದೆ ಸಾಕ್ಷಿಯನ್ನೂ ಹೇಳಿದರು. 1995ರಲ್ಲಿ ಇಲಾಖೆ ತನಿಖೆ ಮುಚ್ಚಿತು. ಟಿಕೆಟ್‌ಮಾಸ್ಟರ್ ಒಪ್ಪಂದವಿಲ್ಲದ ಜಾಗಗಳನ್ನೇ ಹುಡುಕಿ ಟೂರ್ ಮಾಡೋಕೆ ಹೋದ ಬ್ಯಾಂಡ್ ಸುಸ್ತಾಯಿತು. 1998ರ ಹೊತ್ತಿಗೆ ಅವರೂ ಅದೇ ಸಾಲಿಗೆ ವಾಪಸ್. ಆಗಿನ್ನೂ ಎರಡು ಕಂಪನಿ ಒಂದಾಗಿರಲಿಲ್ಲ ಅನ್ನೋದು ನೆನಪಿರಲಿ.

ದಿ ಕ್ಯೂರ್ ಮಾಡಿದ್ದೇನು

ಬೇಡಿಕೆ ಏರಿದಂತೆ ಟಿಕೆಟ್ ದರವನ್ನೂ ಏರಿಸುವ 'ಡೈನಾಮಿಕ್' ದರಪದ್ಧತಿ ಗೊತ್ತಲ್ವಾ? ಮಳೆ ಬಂದಾಗ ಕ್ಯಾಬ್ ಆಪ್ ಮಾಡುತ್ತಲ್ಲ, ಅದೇ. ಗಾಯಕ ರಾಬರ್ಟ್ ಸ್ಮಿತ್ ಅದಕ್ಕೆ ಒಪ್ಪಲಿಲ್ಲ. ದರ ಕಡಿಮೆ ಇಟ್ಟರು. ಟಿಕೆಟ್ ಇನ್ನೊಬ್ಬರಿಗೆ ವರ್ಗ ಮಾಡೋದನ್ನು ತಡೆದರು. ಬೇಡವಾದರೆ ಕೊಂಡ ಬೆಲೆಗೇ ವಾಪಸ್ ಮಾರಬೇಕು, ಲಾಭಕ್ಕಲ್ಲ. ನ್ಯೂಯಾರ್ಕ್, ಇಲಿನಾಯ್, ಕೊಲರಾಡೋ ರಾಜ್ಯಗಳಲ್ಲಿ ಈ ತಡೆ ಸಾಧ್ಯವಾಗಲಿಲ್ಲ, ಅಲ್ಲಿ ಕಾನೂನೇ ವರ್ಗಾವಣೆಯ ಪರ. ಗ್ರಾಹಕನ ಹಕ್ಕು ಅಂತ ಮಾಡಿದ ಕಾನೂನು ಬ್ಲ್ಯಾಕ್ ಟಿಕೆಟ್‌ನವರಿಗೆ ಬಾಗಿಲಾಗಿದ್ದು ಹೀಗೆ.

ಮೊದಲು ಹೇಳಿದ ಬಿಲ್ಲು ಹೊರಬಿದ್ದಾಗ ಸ್ಮಿತ್ ಟ್ವಿಟರ್‌ನಲ್ಲಿ ದೊಡ್ಡಕ್ಷರಗಳಲ್ಲೇ ಸಿಟ್ಟು ಕಾರಿಕೊಂಡ. ಅರವತ್ತು ದಾಟಿದ, ಕಣ್ಣಿಗೆ ಕಪ್ಪು, ತುಟಿಗೆ ಕೆಂಪು ಬಳಿದ ಆಸಾಮಿ ಒಬ್ಬೊಬ್ಬ ಅಭಿಮಾನಿಗೂ ಟಿಕೆಟ್ ನಿಯಮ ವಿವರಿಸುತ್ತಾ ಕೂತಿದ್ದ. ಟಿಕೆಟ್‌ಮಾಸ್ಟರ್ ಮಣಿಯಿತು: ನೋಂದಾಯಿತ ಅಭಿಮಾನಿಗಳಿಗೆ ಕಡಿಮೆ ದರದ ಟಿಕೆಟ್ ಮೇಲೆ ತಲಾ 10 ಡಾಲರ್, ಉಳಿದವಕ್ಕೆ 5 ಡಾಲರ್ ವಾಪಸ್. ನಕಲಿ ಖಾತೆ ಮತ್ತು ಮರುಮಾರಾಟದ ಸಂಶಯವಿದ್ದ ಸುಮಾರು 7 ಸಾವಿರ ಟಿಕೆಟ್ ರದ್ದಾದವು.

ಟೂರ್ ಮುಗಿದಾಗ ಸುಮಾರು 5.47 ಲಕ್ಷ ಟಿಕೆಟ್, 3.75 ಕೋಟಿ ಡಾಲರ್ ವಹಿವಾಟು. ಸರಾಸರಿ ಟಿಕೆಟ್ 68 ಡಾಲರ್ ಆಸುಪಾಸು. ಅವರ ಅಮೆರಿಕ ಟೂರ್‌ಗಳಲ್ಲೇ ದೊಡ್ಡದು. ಕಡಿಮೆ ದರ ಇಟ್ಟರೆ ನಷ್ಟ ಅನ್ನೋರಿಗೆ ಈ ಅಂಕಿ ಸಾಕು. ಆದರೆ ಇದನ್ನು ಮಾದರಿ ಅಂತ ಎಲ್ಲರ ಮೇಲೂ ಹೇರೋದನ್ನು ನಾನು ಒಪ್ಪಲ್ಲ. ನಲವತ್ತೈದು ವರ್ಷ ಹಾಡಿ, ಮೂರು ರಾತ್ರಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ತುಂಬಿಸುವವನ ಸಿಟ್ಟಿಗೆ ಕಂಪನಿ ಬೆಲೆ ಕೊಡುತ್ತೆ. ಮೂರನೇ ಆಲ್ಬಂ ಮಾಡಿರೋ ಹುಡುಗಿಯ ಸಿಟ್ಟಿಗೆ ಕೊಡುತ್ತಾ?

ದೊಡ್ಡವರೂ ಮುಗ್ಗರಿಸುತ್ತಾರೆ. ಓಹಯೋದ ಆಕ್ರನ್‌ನಲ್ಲಿ ನೆಲಮಾಳಿಗೆಯಲ್ಲಿ ಮೊದಲ ಆಲ್ಬಂ ರೆಕಾರ್ಡ್ ಮಾಡಿದ ಇಬ್ಬರ ಬ್ಯಾಂಡ್ ದಿ ಬ್ಲ್ಯಾಕ್ ಕೀಸ್, 2024ರ ಏಪ್ರಿಲ್‌ನಲ್ಲಿ 'ಓಹಯೋ ಪ್ಲೇಯರ್ಸ್' ತಂದು ಉತ್ತರ ಅಮೆರಿಕದ ಅರೀನಾ ಟೂರ್ ಘೋಷಿಸಿತು. ಮೇ ಮುಗಿಯುವಷ್ಟರಲ್ಲಿ ಟೂರ್ ಪೂರ್ತಿ ರದ್ದು. ಟಿಕೆಟ್ ನಿರೀಕ್ಷೆಯಂತೆ ಹೋಗ್ತಿರಲಿಲ್ಲ ಅನ್ನೋದು ಎಲ್ಲೆಡೆ ವರದಿಯಾಗಿತ್ತು. ಬ್ಯಾಂಡು ತನ್ನ ಮ್ಯಾನೇಜರುಗಳನ್ನು ಬಿಟ್ಟಿತು. ಅವರಲ್ಲೊಬ್ಬರಾದ ಅರ್ವಿಂಗ್ ಅಝಾಫ್ ಹಿಂದೆ ಟಿಕೆಟ್‌ಮಾಸ್ಟರ್ ಮುಖ್ಯಸ್ಥರೂ, ಲೈವ್ ನೇಷನ್ ಅಧ್ಯಕ್ಷರೂ ಆಗಿದ್ದವರು. ಈ ರಂಗ ಎಷ್ಟು ಚಿಕ್ಕದು ನೋಡಿ.

ಒಂದು ಪೌಂಡಿನ ಪ್ರಶ್ನೆ

ಬ್ರಿಟನ್ನಿನಲ್ಲಿ ಚರ್ಚೆ ಬೇರೆ ದಾರಿ ಹಿಡಿದಿದೆ, ನನಗೆ ಹೆಚ್ಚು ಇಷ್ಟವಾಗಿರೋದು ಅದೇ. ಅರೀನಾ ತುಂಬಿಸುವ ಪ್ರತಿ ಬ್ಯಾಂಡೂ ಒಂದು ಕಾಲದಲ್ಲಿ ಯಾವುದೋ ಪಬ್ಬಿನ ಹಿಂದಿನ ಕೋಣೆಯಲ್ಲಿ ಐವತ್ತು ಜನರಿಗೆ ಹಾಡಿದ್ದು. ಆ ಕೋಣೆಗಳು ಮುಚ್ಚುತ್ತಿವೆ. ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕದ ಪ್ರಕಾರ 2023 ಒಂದೇ ವರ್ಷದಲ್ಲಿ ಇಂಥ 125 ಜಾಗಗಳು ಸಂಗೀತ ನಿಲ್ಲಿಸಿದವು. ಹಾಗಾದರೆ ದೊಡ್ಡ ಶೋಗಳ ಪ್ರತಿ ಟಿಕೆಟಿನಿಂದ ಒಂದು ಪೌಂಡ್ ಕೆಳಗೆ ಹರಿಯಲಿ ಅನ್ನೋದು ಬೇಡಿಕೆ. ಎಂಟರ್ ಶಿಕಾರಿ ಬ್ಯಾಂಡ್ 2024ರ ಅರೀನಾ ಟೂರ್‌ನಲ್ಲಿ ಯಾರೂ ಕಡ್ಡಾಯ ಮಾಡದೆಯೇ ಇದನ್ನು ಮಾಡಿತು. ಸ್ಯಾಮ್ ಫೆಂಡರ್ ಅದೇ ಹಾದಿ ಹಿಡಿದ. ಮೇ 2024ರಲ್ಲಿ ಸಂಸದೀಯ ಸಮಿತಿ ಶಿಫಾರಸು ಮಾಡಿತು, ನವೆಂಬರಿನಲ್ಲಿ ಸರ್ಕಾರ ಒಪ್ಪಿತು. ಆದರೆ ಕಡ್ಡಾಯ ಅಲ್ಲ, ಸ್ವಇಚ್ಛೆಯಿಂದ. ಸ್ವಇಚ್ಛೆ ಅನ್ನೋ ಪದ ಎಷ್ಟು ದೂರ ಹೋಗುತ್ತೆ ಅಂತ ನಮಗೆ ಗೊತ್ತಿರೋದೇ.

ಅದೇ ವಸಂತದಲ್ಲಿ ಮ್ಯಾಂಚೆಸ್ಟರಿನಲ್ಲಿ 23,500 ಜನರ ಕೋ-ಆಪ್ ಲೈವ್ ಅರೀನಾ ತೆರೆಯಬೇಕಿತ್ತು. ಸಹಕಾರ ಸಂಘದ ಹೆಸರು ಅದಕ್ಕೆ, ಒಡೆತನ ಮಾತ್ರ ಸಹಕಾರಿಯದ್ದಲ್ಲ. ಕೆಲವು ಸಣ್ಣ ಜಾಗಗಳು ಸರಿಯಾಗಿ ನಡೆಯುತ್ತಿಲ್ಲ, ಲೆವಿ ಪರಿಹಾರ ಅಲ್ಲ ಅಂತ ಅದರ ಮುಖ್ಯಸ್ಥ ಮಾತಾಡಿದ. ಅದೇ ಹೊತ್ತಿಗೆ ಅವರ ಅರೀನಾವೇ ತಯಾರಾಗದೆ ಶೋಗಳು ಒಂದರ ಮೇಲೊಂದು ಮುಂದಕ್ಕೆ ಹೋದವು. ಆತ ರಾಜೀನಾಮೆ ಕೊಟ್ಟ. ಆಮೇಲೂ ಒಂದು ಶೋ ಶುರುವಾಗೋ ಮುಂಚೆ ಛಾವಣಿಯಿಂದ ಗಾಳಿ ಕೊಳವೆಯ ತುಂಡು ಬಿತ್ತು. ಕೊನೆಗೆ ಮೇ 14ಕ್ಕೆ ಬಾಗಿಲು ತೆರೆದಾಗ ವೇದಿಕೆ ಹತ್ತಿದ್ದು ಪಕ್ಕದ ಬರಿ ಪಟ್ಟಣದಿಂದ ಬಂದ ಎಲ್ಬೋ. ಸಣ್ಣ ಕೋಣೆಗಳಲ್ಲೇ ಬೆಳೆದ ಇಂಡೀ ಬ್ಯಾಂಡು.

ನಮ್ಮ ಕಡೆ

2024ರ ಸೆಪ್ಟೆಂಬರ್ 22 ನೆನಪಿರಬೇಕು. ಮುಂಬೈ ಕೋಲ್ಡ್‌ಪ್ಲೇ ಶೋಗೆ 1.3 ಕೋಟಿ ಮಂದಿ ಟಿಕೆಟ್‌ಗೆ ಪ್ರಯತ್ನಿಸಿದರು ಅಂತ ಬುಕ್‌ಮೈಶೋ ಹೇಳಿತು. ಸಾವಿರಗಳ ಟಿಕೆಟ್ ಮರುಮಾರಾಟದ ತಾಣಗಳಲ್ಲಿ ಲಕ್ಷಗಳಿಗೆ ಕಾಣಿಸಿಕೊಂಡಿತು, ಮುಂಬೈ ಪೊಲೀಸರು ಕಂಪನಿ ಮುಖ್ಯಸ್ಥರಿಗೆ ಸಮನ್ಸ್ ಕೊಟ್ಟರು. ಕೋಲ್ಡ್‌ಪ್ಲೇ ಇಂಡೀ ಅಲ್ಲ ಅಂತ ಯಾರಾದ್ರೂ ಜಗಳಕ್ಕೆ ಬರಬಹುದು, ಬಿಲ್ಲು ಅದೇ.

ಕರ್ನಾಟಕದಲ್ಲಿ ಟಿಕೆಟ್ ದರ ಸರ್ಕಾರದ ವಿಷಯವೋ ಅಲ್ಲವೋ ಅನ್ನೋ ಚರ್ಚೆ ಸಿನಿಮಾ ಮೂಲಕ ಬಂತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ತೆರಿಗೆ ಹೊರತುಪಡಿಸಿ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಸಂಗೀತದ ಟಿಕೆಟ್ ಆ ಚರ್ಚೆಯ ಒಳಗೆ ಬರಲೇ ಇಲ್ಲ. ಇನ್ನು ಸಣ್ಣ ಜಾಗದ ಕಥೆಗೆ ಬ್ರಿಟನ್ನಿಗೇ ಹೋಗಬೇಕಿಲ್ಲ. ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಲ್ಲಿ ಶುರುವಾಗಿ 2019ರಲ್ಲಿ ಮುಚ್ಚಿತು. ದೊಡ್ಡ ಶೋಗೆ ಬೆಂಗಳೂರು ಈಗಲೂ ನೆಚ್ಚೋದು ಅರಮನೆ ಮೈದಾನ, ನೈಸ್ ಮೈದಾನಗಳಂಥ ಬಯಲನ್ನೇ.

ಕೈಯಲ್ಲಿರೋ ಒಂದು ಸಾಧನ ಹೇಳಿಬಿಡ್ತೀನಿ. ಅಮೆರಿಕದಲ್ಲಿ 2025ರ ಮೇ 12ರಿಂದ ಟಿಕೆಟಿನ ಪೂರ್ತಿ ಬೆಲೆಯನ್ನು, ಕಡ್ಡಾಯ ಶುಲ್ಕಗಳ ಸಮೇತ, ಮೊದಲ ಪರದೆಯಲ್ಲೇ ತೋರಿಸಬೇಕು ಅನ್ನೋ ನಿಯಮ ಜಾರಿಯಲ್ಲಿದೆ. ಶುಲ್ಕ ಇಳಿಸು ಅಂತ ಅದು ಹೇಳಲ್ಲ, ಬಚ್ಚಿಡಬೇಡ ಅನ್ನುತ್ತೆ. ನಮ್ಮಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 13 ಬಗೆಯ ಆನ್‌ಲೈನ್ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಕೊನೆ ಪರದೆಯವರೆಗೂ ಶುಲ್ಕವನ್ನು ಹನಿಹನಿಯಾಗಿ ಸೇರಿಸುತ್ತಾ ಹೋಗೋದು ಆ ಪಟ್ಟಿಯಲ್ಲಿದೆ. ಮುಂದಿನ ಶೋಗೆ ಟಿಕೆಟ್ ತಗೊಳ್ಳುವಾಗ ಮೊದಲ ಪರದೆ ಮತ್ತು ಕೊನೆ ಪರದೆ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915.