ಸಾಕು ಮೊಲಗಳ ದಂತ ತೊಂದರೆಗಳು ಮತ್ತು ಚಿಕಿತ್ಸೆಗೆ ವಿಮಾ ರಕ್ಷಣೆ

ಮೊಲವು ಮೇವು ಬಿಟ್ಟಿದೆ ಎಂಬ ದೂರಿನ ಹಿಂದೆ ಅನೇಕ ವೇಳೆ ಹಲ್ಲಿನ ತೊಂದರೆ ಇರುತ್ತದೆ. ಹೊರಗೆ ಕಾಣಿಸದ ಈ ತೊಂದರೆ ಒಮ್ಮೆ ಆರಂಭವಾದರೆ ಸಾಮಾನ್ಯವಾಗಿ ಮರುಕಳಿಸುತ್ತಲೇ ಇರುತ್ತದೆ. ಆದುದರಿಂದ ಚಿಕಿತ್ಸಾ ವೆಚ್ಚವನ್ನು ವಿಮೆಯಿಂದ ಪಡೆಯಬಹುದೇ ಎಂದು ಸಾಕಣೆದಾರರು ವಿಚಾರಿಸುವುದು ಸಹಜ. ಈ ಎರಡೂ ವಿಷಯಗಳ ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಹಲ್ಲಿನ ರಚನೆ ಮತ್ತು ತೊಂದರೆಗೆ ಕಾರಣಗಳು

ವಯಸ್ಕ ಮೊಲಕ್ಕೆ 28 ಹಲ್ಲುಗಳಿರುತ್ತವೆ. ಇವುಗಳಲ್ಲಿ 22 ದವಡೆಹಲ್ಲುಗಳು. ಮೇಲಿನ ಬಾಚಿಹಲ್ಲುಗಳ ಹಿಂಬದಿಯಲ್ಲಿ ಕಡ್ಡಿಯಂತಹ ಎರಡು ಚಿಕ್ಕ ಹಲ್ಲುಗಳಿರುವುದು ಮೊಲಗಳ ವೈಶಿಷ್ಟ್ಯ, ಕೋರೆಹಲ್ಲುಗಳಿರುವುದಿಲ್ಲ. ಎಲ್ಲಾ ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ರಿಂದ 3 ಮಿಲಿಮೀಟರ್ ಬೆಳೆಯುತ್ತದೆ. ನಾರಿನ ಮೇವನ್ನು ಗಂಟೆಗಟ್ಟಲೆ ಅಗಿದಾಗ ಮಾತ್ರ ಈ ಬೆಳವಣಿಗೆಗೆ ತಕ್ಕ ಸವೆತ ಉಂಟಾಗುತ್ತದೆ. ಕಾಳು, ಹಿಂಡಿ, ಬ್ರೆಡ್ ಅಥವಾ ಬರೀ ಪೆಲೆಟ್ ತಿನ್ನಿಸಿದರೆ ಹೊಟ್ಟೆ ತುಂಬುತ್ತದೆಯೇ ಹೊರತು ಹಲ್ಲು ಸವೆಯುವುದಿಲ್ಲ. ಕ್ಯಾರೆಟ್ಟೇ ಮೊಲದ ಆಹಾರವೆಂಬ ಕಲ್ಪನೆ ಚಿತ್ರಪುಸ್ತಕಗಳಿಂದ ಬಂದದ್ದು. ಅದನ್ನು ಅಪರೂಪಕ್ಕೆ ಚೂರು ಕೊಟ್ಟರೆ ಸಾಕು.

ಎಳೆಯ ಮರಿಗಳಲ್ಲಿ ಬಾಚಿಹಲ್ಲುಗಳು ಒಂದರ ಮೇಲೊಂದು ಸರಿಯಾಗಿ ಕೂಡದಿದ್ದರೆ ಅದು ಬಹುಪಾಲು ಹುಟ್ಟಿನಿಂದ ಬಂದ ದೋಷ. ಅಂತಹ ಮೊಲಗಳನ್ನು ತಳಿ ಅಭಿವೃದ್ಧಿಗೆ ಬಳಸಬಾರದು. ವಯಸ್ಕ ಮೊಲಗಳಲ್ಲಿ ಕಾಣುವ ದವಡೆಹಲ್ಲಿನ ತೊಂದರೆಗೆ ಆಹಾರದ ದೋಷವೇ ಹೆಚ್ಚಾಗಿ ಕಾರಣ. ಈ ವ್ಯತ್ಯಾಸ ವಿಮೆಯ ವಿಷಯದಲ್ಲಿಯೂ ಮುಖ್ಯವಾಗುತ್ತದೆ. ಬ್ರಿಟನ್ನಿನ ಪಶುಚಿಕಿತ್ಸಾಲಯಗಳ 2019ರ ದಾಖಲೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸುಮಾರು ಶೇ. 15ರಷ್ಟು ಮೊಲಗಳಿಗೆ ದಂತ ರೋಗವಿರುವುದು ಕಂಡುಬಂದಿತು. ಅವುಗಳಲ್ಲಿ ಬಾಚಿಹಲ್ಲಿಗಿಂತ ದವಡೆಹಲ್ಲಿನ ರೋಗವೇ ಬಹಳ ಹೆಚ್ಚು.

ಲಕ್ಷಣಗಳು

ಜೊಲ್ಲಿನಿಂದ ಗದ್ದ ಒದ್ದೆಯಾಗುವುದು, ಮೇವನ್ನು ಬಾಯಿಗೆ ತೆಗೆದುಕೊಂಡು ಬೀಳಿಸುವುದು, ಹುಲ್ಲನ್ನು ಬಿಟ್ಟು ಮೆತ್ತನೆಯ ಆಹಾರ ಮಾತ್ರ ತಿನ್ನುವುದು, ತೂಕ ಇಳಿಯುವುದು, ಹಿಕ್ಕೆ ಸಣ್ಣದಾಗುವುದು. ಮೇಲಿನ ಬಾಚಿಹಲ್ಲಿನ ಬೇರಿನ ಸಮೀಪದಲ್ಲಿಯೇ ಕಣ್ಣೀರಿನ ನಾಳ ಹಾದುಹೋಗುವುದರಿಂದ ಒಂದೇ ಕಣ್ಣಿನಿಂದ ಸದಾ ನೀರು ಸುರಿಯುವುದೂ ಹಲ್ಲಿನ ರೋಗದ ಸೂಚನೆಯಾಗಿರಬಹುದು. ಕೆಳ ದವಡೆಹಲ್ಲುಗಳ ಚೂಪಾದ ಅಂಚು ನಾಲಿಗೆಯನ್ನೂ ಮೇಲಿನವುಗಳ ಅಂಚು ಕೆನ್ನೆಯ ಒಳಭಾಗವನ್ನೂ ಕೊಯ್ಯುತ್ತದೆ. ಮೊಲವು ನೋವನ್ನು ಹೊರಗೆ ತೋರಿಸಿಕೊಳ್ಳುವುದು ಕಡಿಮೆ.

ಮೊಲ 12 ಗಂಟೆಗಳ ಕಾಲ ಏನನ್ನೂ ತಿನ್ನದಿದ್ದರೆ ಅದನ್ನು ತುರ್ತು ಪರಿಸ್ಥಿತಿ ಎಂದೇ ಪರಿಗಣಿಸತಕ್ಕದ್ದು. ಕರುಳಿನ ಚಲನೆ ನಿಂತು ಒಂದೆರಡು ದಿನಗಳಲ್ಲಿಯೇ ಸಾವು ಸಂಭವಿಸಬಹುದು.

ಚಿಕಿತ್ಸೆ

ಉಗುರು ಕತ್ತರಿಯಿಂದಾಗಲಿ ಇಕ್ಕಳದಿಂದಾಗಲಿ ಮನೆಯಲ್ಲಿ ಹಲ್ಲು ಕತ್ತರಿಸಲೇಬಾರದು. ಹಾಗೆ ಮಾಡಿದಾಗ ಹಲ್ಲು ಉದ್ದುದ್ದಕ್ಕೆ ಸೀಳಿ, ಸೋಂಕು ಬೇರಿಗಿಳಿದು ಕೀವುಗಡ್ಡೆಯಾಗುತ್ತದೆ. ಮೊಲದ ಕೀವು ಗಟ್ಟಿಯಾಗಿರುವುದರಿಂದ ಕೊಯ್ದರೂ ಹರಿದು ಹೋಗುವುದಿಲ್ಲ. ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಗುತ್ತದೆ. ಪಶುವೈದ್ಯರು ಯಂತ್ರದಿಂದ ಹಲ್ಲನ್ನು ಉಜ್ಜಿ ಸರಿಪಡಿಸುತ್ತಾರೆ. ದವಡೆಹಲ್ಲಿನ ಚಿಕಿತ್ಸೆಗೆ ಅರಿವಳಿಕೆ ಅಗತ್ಯ, ಬೇರಿನ ಸ್ಥಿತಿ ತಿಳಿಯಲು ಎಕ್ಸ್-ರೇ ಅಗತ್ಯ. ಮೊಲಕ್ಕೆ ವಾಂತಿಯಾಗುವುದಿಲ್ಲವಾದ್ದರಿಂದ ನಾಯಿ ಬೆಕ್ಕುಗಳಂತೆ ಅದನ್ನು ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬಾರದು. ಅನೇಕ ಮೊಲಗಳಿಗೆ ಕೆಲವು ವಾರಗಳಿಗೊಮ್ಮೆ ಈ ಚಿಕಿತ್ಸೆ ಪುನಃ ಬೇಕಾಗುತ್ತದೆ. ಬಾಚಿಹಲ್ಲು ಮಾತ್ರ ಕೆಟ್ಟಿದ್ದರೆ ಅವುಗಳನ್ನು ಪೂರ್ತಿ ಕೀಳಿಸುವುದು ಶಾಶ್ವತ ಪರಿಹಾರ; ಮೇವನ್ನು ಕತ್ತರಿಸಿ ಕೊಟ್ಟರೆ ಮೊಲ ನೆಮ್ಮದಿಯಾಗಿ ಬದುಕುತ್ತದೆ.

ಔಷಧದಂಗಡಿಯಿಂದ ತಂದ ಅಮಾಕ್ಸಿಸಿಲಿನ್ ಮುಂತಾದ ಪೆನ್ಸಿಲಿನ್ ಗುಂಪಿನ ಔಷಧಗಳನ್ನು ಮೊಲಕ್ಕೆ ಬಾಯಿಯ ಮೂಲಕ ನೀಡಬಾರದು. ಅವು ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳನ್ನು ನಾಶಪಡಿಸಿ ಪ್ರಾಣಕ್ಕೇ ಅಪಾಯ ತರುತ್ತವೆ.

ಭಾರತದಲ್ಲಿ ವಿಮೆ

ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ಜಾನುವಾರು ವಿಮೆಯ ವ್ಯಾಪ್ತಿಗೆ ಮೊಲವೂ ಸೇರಿದೆ. ಆಡು, ಕುರಿ, ಹಂದಿಗಳಂತೆ 10 ಮೊಲಗಳನ್ನು ಒಂದು ಘಟಕವೆಂದು ಲೆಕ್ಕ ಹಾಕಲಾಗುತ್ತದೆ. 2024ರಲ್ಲಿ ಕೇಂದ್ರ ಸಚಿವ ಸಂಪುಟದ ತೀರ್ಮಾನದಂತೆ ಪ್ರೀಮಿಯಂನಲ್ಲಿ ಫಲಾನುಭವಿಯ ಪಾಲನ್ನು ಶೇ. 15ಕ್ಕೆ ಇಳಿಸಲಾಯಿತು. ಆದರೆ ಈ ವಿಮೆ ಪ್ರಾಣಿಯ ಸಾವಿಗೆ ಪರಿಹಾರ ನೀಡುವಂಥದ್ದು. ಹಲ್ಲಿನ ಚಿಕಿತ್ಸೆ, ಅರಿವಳಿಕೆ, ಎಕ್ಸ್-ರೇ ವೆಚ್ಚಗಳು ಇದರಲ್ಲಿ ದೊರೆಯುವುದಿಲ್ಲ. ಮೊಲ ಸತ್ತಲ್ಲಿ ವಿಮಾ ಸಂಸ್ಥೆಗೆ ತಿಳಿವಳಿಕೆ, ಪಾಲಿಸಿ ಪತ್ರ, ಕ್ಲೇಮ್ ನಮೂನೆ ಮತ್ತು ಮರಣೋತ್ತರ ಪರೀಕ್ಷಾ ವರದಿ ಸಲ್ಲಿಸಬೇಕಾಗುವುದರಿಂದ ಕಳೇಬರವನ್ನು ಆತುರದಿಂದ ಹೂಳಬಾರದು.

ಮುದ್ದಿನ ಪ್ರಾಣಿಗಳ ಚಿಕಿತ್ಸಾ ವಿಮೆಯು ನಮ್ಮ ದೇಶದಲ್ಲಿ ಮುಖ್ಯವಾಗಿ ನಾಯಿ ಮತ್ತು ಬೆಕ್ಕುಗಳಿಗೆ ಸೀಮಿತವಾಗಿದೆ. ಮೊಲ ಸಾಕಿದವರು ಹಲ್ಲಿನ ವೆಚ್ಚವನ್ನು ತಾವೇ ಭರಿಸಬೇಕಾಗುತ್ತದೆಂದು ತಿಳಿದೇ ಮರಿಯನ್ನು ತರುವುದು ಉಚಿತ. ಪ್ರಾಣಿಯ ಯೋಗಕ್ಷೇಮ ನೋಡಿಕೊಳ್ಳುವುದು ಸಾಕಿದವರ ಕರ್ತವ್ಯವೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಹೇಳುತ್ತದೆ. ವೆಚ್ಚಕ್ಕೆ ಅಂಜಿ ಮೊಲವನ್ನು ಉದ್ಯಾನವನದಲ್ಲಿ ಬಿಟ್ಟು ಬರುವಂತಿಲ್ಲ.

ಬ್ರಿಟನ್ನಿನಲ್ಲಿ ನೆಲೆಸಿರುವವರಿಗೆ

ಬ್ರಿಟನ್ನಿನಲ್ಲಿ ಕೆಲವು ಸಂಸ್ಥೆಗಳು ಮೊಲಕ್ಕೆ ಚಿಕಿತ್ಸಾ ವಿಮೆ ನೀಡುತ್ತವೆ. ಅಲ್ಲಿರುವ ಕನ್ನಡಿಗರು ಪಾಲಿಸಿ ಪಡೆಯುವಾಗ ಹಲ್ಲಿನ ಕುರಿತ ಷರತ್ತನ್ನು ಪ್ರತ್ಯೇಕವಾಗಿ ಓದತಕ್ಕದ್ದು. ಅಪಘಾತದಲ್ಲಿ ಮುರಿದ ಹಲ್ಲು, ರೋಗದಿಂದ ಕೆಟ್ಟ ಹಲ್ಲು ಮತ್ತು ವಾಡಿಕೆಯ ಹಲ್ಲು ಉಜ್ಜುವಿಕೆ ಇವುಗಳನ್ನು ವಿಮಾ ಸಂಸ್ಥೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಮೂರನೆಯದಕ್ಕೆ ಸಾಮಾನ್ಯವಾಗಿ ಪರಿಹಾರವಿಲ್ಲ. ರೋಗಕ್ಕೆ ಪರಿಹಾರ ನೀಡುವಾಗಲೂ ವರ್ಷಕ್ಕೊಮ್ಮೆ ಹಲ್ಲು ಪರೀಕ್ಷೆ ಮಾಡಿಸಿರಬೇಕು ಎಂಬ ಷರತ್ತು ಇರುವುದುಂಟು. ಪಾಲಿಸಿಗೆ ಮೊದಲೇ ಇದ್ದ ರೋಗವನ್ನು ಸಾಮಾನ್ಯವಾಗಿ ಹೊರಗಿಡಲಾಗುತ್ತದೆ. ಪಾಲಿಸಿ ಪಡೆಯುವ ಮುನ್ನ ವೈದ್ಯರು ಚಿಕಿತ್ಸಾ ಚೀಟಿಯಲ್ಲಿ "ದವಡೆಹಲ್ಲು ಸ್ವಲ್ಪ ಚೂಪು" ಎಂದು ಬರೆದಿದ್ದರೂ ಮುಂದಿನ ವರ್ಷದ ಕ್ಲೇಮ್ ತಿರಸ್ಕೃತವಾಗಬಹುದು. ಹನ್ನೆರಡು ತಿಂಗಳಿಗೆ ಮುಗಿಯುವ ಪಾಲಿಸಿಗಿಂತ ಪ್ರತಿ ವರ್ಷ ಅದೇ ರೋಗಕ್ಕೆ ಮೊತ್ತ ನವೀಕರಣಗೊಳ್ಳುವ ಪಾಲಿಸಿ ದುಬಾರಿಯಾದರೂ ಹಲ್ಲಿನ ರೋಗಕ್ಕೆ ಅದೇ ಸೂಕ್ತ.

ಮೇವು

ದಿನದ ಆಹಾರದಲ್ಲಿ ಶೇ. 80ಕ್ಕೂ ಹೆಚ್ಚು ಭಾಗ ಹುಲ್ಲಾಗಿರಬೇಕು. ಗರಿಕೆ, ಗಿನಿ ಹುಲ್ಲು, ಒಣಗಿಸಿದ ಹುಲ್ಲು ಸದಾ ಎದುರಿಗಿರಲಿ. ಕುದುರೆಮಸಾಲೆಯಲ್ಲಿ ಸುಣ್ಣದಂಶ ಅಧಿಕವಾಗಿರುವುದರಿಂದ ಅದನ್ನು ಬೆಳೆಯುವ ಮರಿಗಳಿಗೂ ಗರ್ಭ ಧರಿಸಿದ ಮತ್ತು ಹಾಲೂಡಿಸುವ ಹೆಣ್ಣುಗಳಿಗೂ ಮೀಸಲಿಡುವುದು ಒಳ್ಳೆಯದು. ಮೇವಿನ ಬದಲಾವಣೆಯನ್ನು ಒಂದೆರಡು ವಾರಗಳ ಅವಧಿಯಲ್ಲಿ ನಿಧಾನವಾಗಿ ಮಾಡತಕ್ಕದ್ದು. ವಾರಕ್ಕೊಮ್ಮೆ ಮೊಲವನ್ನು ತೂಗಿ ಬರೆದಿಟ್ಟು, ತೂಕ ಇಳಿದಿದ್ದಲ್ಲಿ ಆ ದಾಖಲೆಯೊಂದಿಗೆ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು.